ಮೂರನೇ ಬಕೆಟ್ಟು

ಫಹಾಹೀಲ್, ಆರನೇ ಮಹಡಿ. ಬಚ್ಚಲಿಗೆ ಒಳಗಿಂದ ಚಿಲಕ.
ಲಿಗೋರಿಮಾಮ ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು
ಸುಮ್ಮನೆ ಕೂತರು. ಆಮೇಲೆ,
“ಬಿಯರಾ ಇದು, ಲೋಟ ತೊಳೆದ ನೀರಾ?”

ಮಾಲ್ಟು ಹೆಚ್ಚಿಸಿ ನೋಡಿದ್ದೆ.
ಬಾರ್ಲಿ ಹುರಿದು ಹಾಕಿದ್ದೆ, ಕಪ್ಪಗಾಯಿತು ಅಷ್ಟೇ.
ಎಸಿಯ ಚಳಿಗೆ ಈಸ್ಟು ಮುದುಡಿತೇನೋ ಎಂದು
ಬಕೆಟ್ಟಿಗೆ ನನ್ನ ಕಂಬಳಿ ಹೊದಿಸಿ
ಹನ್ನೊಂದು ರಾತ್ರಿ ನಾನು ನಡುಗಿದೆ.
ನೀರಂತೂ ಪ್ಲಾಂಟಿನದೇ, ಕ್ಯಾನು ತುಂಬಿ ಹೊತ್ತು ತಂದದ್ದು,
ಅದಕ್ಕಿಂತ ಚೊಕ್ಕ ಎಲ್ಲಿದೆ ಈ ಊರಲ್ಲಿ?
ನೊರೆ ಬಂತು, ಬಣ್ಣ ಬಂತು,
ನಾಲಗೆಗೆ ಮಾತ್ರ ಏನೂ ತಾಗಲಿಲ್ಲ.

ರಾತ್ರಿ ಪಾಳಿ. ಈ ಕಡೆಯಿಂದ ಸಮುದ್ರ ಒಳಗೆ ಬರುತ್ತದೆ,
ಆ ಕಡೆಯಿಂದ ಏನೂ ಅಲ್ಲದ ನೀರು ಹೊರಡುತ್ತದೆ.
ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ಒರಗಿದರೆ
‘ಸರಿ’ ಎಂದು ಬರೆದು ಸಹಿ ಹಾಕುವವನು
ನಾನೇ, ಒಂಬತ್ತು ವರ್ಷದಿಂದ.
ಅವತ್ತು ಪೆನ್ನು ಅಲ್ಲೇ ನಿಂತಿತು.
ಕೊಳವೆ ಕೆರೆದು ಗುಡಿಸಿಟ್ಟ ಬಿಳಿ ಹಕ್ಕಳೆ
ಡ್ರಮ್ಮು ತುಂಬಾ, ನಾಳೆ ಕಸಕ್ಕೆ.

ನಾಲ್ಕನೇ ಬಕೆಟ್ಟಿಗೆ ಅಡುಗೆಮನೆ ನಲ್ಲಿಯ ನೀರು,
ಮೇಲೊಂದು ಚಿಟಿಕೆ ಉಪ್ಪು.
ಲಿಗೋರಿಮಾಮ ನೋಡುತ್ತಾ ನಿಂತರು.
“ಗಂಜಿಗೂ ಹಾಕ್ತೇವಲ್ಲ ಮಾರಾಯಾ,
ಇದಕ್ಕೆ ಮಾತ್ರ ಬೇಡ ಅಂತ ಹೇಳಿದ್ದು ಯಾರು?”