ಅಲುಬಿದ ನೀರು

ಡೈ ಹಾಕ್ತೀವಿ ಅಂದಳು ಹುಡುಗಿ.
ಯಾವ ಬಣ್ಣ ಅಂದೆ.
ನಕ್ಕಳು. ಬಣ್ಣ ಇಲ್ಲ ತಾತ, ನೀರಿನ ಥರ.

ಮೂವತ್ತೊಂದು ವರ್ಷ
ಮಂಡಿ ಮೊಹಲ್ಲಾದ ಬಣ್ಣದ ಮನೆಯಲ್ಲಿ
ರೇಷ್ಮೆ ಲಡಿಗಳನ್ನು ಕುದಿವ ಹಂಡೆಗೆ ಇಳಿಬಿಟ್ಟವನು ನಾನು.
ಗಿಣಿಹಸುರು, ಆನೆಬಣ್ಣ, ಈರುಳ್ಳಿಸಿಪ್ಪೆ,
ಮದುವೆ ಸೀರೆಗೆಂದೇ ಕಾಯಿಸುವ ಅರಗಿನ ಕೆಂಪು.
ಬಣ್ಣವಿಲ್ಲದ ಬಣ್ಣವನ್ನು ಮೊದಲ ಸಲ ಕಂಡದ್ದು
ಇರ್ವಿನ್ ರಸ್ತೆಯ ಈ ನೆಲಮಾಳಿಗೆಯಲ್ಲಿ:
ಗಾಜಿನ ಸೀಸೆ, ರಬ್ಬರ್ ಬಿರಡೆ,
ಒಳಗೆ ಸಕ್ಕರೆಪಾಕದ ಹಾಗೆ
ತುಸು ತಡವಾಗಿ ವಾಲುವ ಏನೋ ಒಂದು.

ಎರಡು ಹಾಳೆ, ಇಂಗ್ಲಿಷು.
ಅವಳೇ ಓದಿ ಹೇಳಿದಳು, ಬಸ್ಸು ತಪ್ಪುತ್ತದೆನ್ನುವಷ್ಟು ಬೇಗ:
ಉಬ್ಬಸ ಇದೆಯಾ, ಸಕ್ಕರೆ ಮಾತ್ರೆ ನಿಲ್ಲಿಸಿದೀರಾ,
ಹಿಂದೆ ಯಾವುದಕ್ಕಾದರೂ ಮೈಮೇಲೆ ಎದ್ದಿತ್ತಾ?
ಇಲ್ಲ. ನಿಲ್ಲಿಸಿದೀನಿ. ಇಲ್ಲ.
ಕ್ರಿಯಾಟಿನಿನ್ ಒಂದು ಪಾಯಿಂಟ್ ನಾಲ್ಕು, ನಡೆಯುತ್ತೆ.
ಸೈನಿನ ಮೇಲೆ ಸಣ್ಣಕ್ಷರದ ಒಂದು ಸಾಲು ಉಳಿದಿತ್ತು.
ಬೆರಳಿಟ್ಟು ತೋರಿಸಿದೆ.
ಅಪರೂಪಕ್ಕೆ ಜೀವಕ್ಕೂ, ಅಂದು ನಿಲ್ಲಿಸಿದಳು.
ಎಷ್ಟು ಅಪರೂಪ?
ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರ ಕಡೆ ನೋಡಿದಳು.

ಗಾಡಿ ಚೌಕದ ಸಿದ್ದೋಜಿಗೂ ಇದೇ ನೀರು ಹಾಕಿದ್ದರು.
ಮೂರು ದಿನ ಉಚ್ಚೆ ಹೊರಡಲಿಲ್ಲ.
ಅದೇ ಔಷಧಿ ತಿಂದುಹಾಕಿತು ಅನ್ನುತ್ತಾಳೆ ಹೆಂಡತಿ.
ಕಿಡ್ನಿ ಮೊದಲೇ ಹೋಗಿತ್ತು ಅನ್ನುತ್ತಾರೆ ಡಾಕ್ಟರು.
ಇಬ್ಬರ ಮುಖವನ್ನೂ ನೋಡಿದ್ದೇನೆ,
ಸುಳ್ಳು ಹೇಳುವ ಮುಖಗಳಲ್ಲ.

ಹಲಗೆಯ ಮೇಲೆ ಮಲಗಿಸಿ
ಕೈಯೆರಡನ್ನೂ ತಲೆಯ ಮೇಲಕ್ಕೆ ಎತ್ತಿಸಿದರು.
ಅಂಗೈ ಕಣ್ಣ ಮುಂದೆಯೇ ಹಾದುಹೋಯಿತು.
ಎಪ್ಪತ್ತೊಂಬತ್ತರಲ್ಲಿ
ಕ್ರೋಮು ಕಪ್ಪು ಹಾಕಿದ ಮಳೆಗಾಲ
ಈ ಅಂಗೈ ಒಡೆದು, ಕೀವು ತುಂಬಿ,
ಒಂದು ರಾತ್ರಿ ಉಸಿರೂ ಗಂಟಲಲ್ಲೇ ಸಿಕ್ಕಿಕೊಂಡಿತ್ತು.
ಹರಳೆಣ್ಣೆ ಸವರಿ, ಟವೆಲ್ಲಿನಲ್ಲಿ ಸುತ್ತಿ,
ಮೇಸ್ತ್ರಿ ವಹಾಬ್ ಸಾಹೇಬರ ಎದುರು ನಿಂತು
ಏನೂ ಇಲ್ಲ ಅಂದಿದ್ದೆ.
ಕೈ ಕೆಟ್ಟವನಿಗೆ ಹಂಡೆ ಕೊಡುತ್ತಿರಲಿಲ್ಲ.
ಹಂಡೆ ಇಲ್ಲದವನಿಗೆ ಶನಿವಾರದ ಬಟವಾಡೆ ಇಲ್ಲ.
ಆ 'ಇಲ್ಲ' ನಾಲಿಗೆಗೆ ಹಿಡಿದ ಬಣ್ಣ;
ಇವತ್ತೂ ಕೇಳಿದ ಕೂಡಲೇ ಬಂತು.

ತಡಿ ಮಗಳೇ, ಅಂದೆ.
ಸೂಜಿ ಆಗಲೇ ನರದೊಳಗಿತ್ತು.

ಡಾಕ್ಟರು ಬಂದ, ಮೀಸೆಯಲ್ಲಿ ಕಾಫಿ ನೊರೆ.
ಅಂಗೈ ತಿರುಗಿಸಿ ನೋಡಿದ,
ನಲವತ್ತು ವರ್ಷ ತಡವಾಗಿ ಒಬ್ಬರು ನೋಡಿದರು.
ಅದು ಬೇರೆ ಇದು ಬೇರೆ ಯಜಮಾನರೇ,
ಆದರೆ ಉಸಿರು ಕಟ್ಟಿತ್ತು ಅಂದ್ರಲ್ಲ, ಹೇಳಿದ್ದು ಒಳ್ಳೇದಾಯ್ತು.
ಮಾತ್ರೆ ಬರೆದ. ನಾಳೆ ಬನ್ನಿ.
ಹುಡುಗಿ ಹಾಳೆ ಹರಿದು ಹೊಸದು ತಂದಳು,
ಈ ಸಲ ನಿಧಾನಕ್ಕೆ ಓದಿದಳು.

ಮಾರನೆ ದಿನ ಹತ್ತೂಕಾಲಿಗೆ ಬಿಟ್ಟರು.
ಗಂಟಲಲ್ಲಿ ಬಿಸಿ, ನಾಲಿಗೆಯ ಮೇಲೆ ಹಳೇ ತಾಮ್ರದ ಕಾಸು,
ಆಮೇಲೆ ಹೊಟ್ಟೆಯಿಂದ ತೊಡೆಯವರೆಗೆ
ಬೆಚ್ಚಗೆ ಇಳಿದು
ಮರ್ಯಾದೆ ಹೋಯಿತು ಅಂದುಕೊಂಡೆ.
ಹಾಗನ್ಸುತ್ತೆ ಅಷ್ಟೇ ತಾತ, ಆಗಿರಲ್ಲ,
ಗೋಡೆಯೊಳಗಿಂದ ಅವಳ ದನಿ.
ಎಷ್ಟು ಲಡಿಗಳನ್ನು ಹೀಗೆ ಇಳಿಬಿಟ್ಟೆನೋ!
ಒಂದನ್ನೂ ಕೇಳಿರಲಿಲ್ಲ,
ಹಿಂದೆ ಯಾವುದಕ್ಕಾದರೂ ಎದ್ದಿತ್ತಾ ಎಂದು.

ಈಗ ಮನೆ. ಕುಡಿಯುವುದೇ ಕೆಲಸ.
ಮಾಯಮ್ಮ ಚೊಂಬು ಎಣಿಸುತ್ತಾಳೆ,
ಬಚ್ಚಲಿಗೆ ಹೋದರೆ ಬಾಗಿಲಾಚೆಯಿಂದ ಕೇಳುತ್ತಾಳೆ:
ಹೆಂಗದೆ?
ತಿಳಿಯಾಗದೆ, ಅನ್ನುತ್ತೇನೆ.

ಬಣ್ಣದ ಮನೆಯಲ್ಲಿ
ಕೊನೆಗೆ ಅಲುಬಿದ ನೀರು ತಿಳಿಯಾಗಿ ಬಂದರೆ
ಬಣ್ಣ ಪೂರಾ ಹಿಡಿದಿದೆ ಅಂತ,
ಇಲ್ಲವೇ ಪೂರಾ ಹೋಗಿದೆ ಅಂತ.
ಯಾವುದೆಂದು ಲಡಿಯನ್ನು ಬಿಸಿಲಿಗೆ ಹಿಡಿದು ಹೇಳುತ್ತಿದ್ದೆ.
ಇದು ಮೊದಲಿನಿಂದಲೂ ತಿಳಿನೀರು.
ಗುರುವಾರ ಮತ್ತೆ ರಕ್ತ ಕೊಟ್ಟು ಬರಬೇಕು.

ಏಳನೇದು, ಅಂದಳು ಮಾಯಮ್ಮ,
ಸುಣ್ಣದ ಗೋಡೆಗೆ ಇದ್ದಿಲಲ್ಲಿ ಇನ್ನೊಂದು ಗೀಟು ಎಳೆದು.