ಗುರುತಿನ ಕಾಲಂ

ಗುಮಾಸ್ತರ ಕುರ್ಚಿ ಮೂರು ವರ್ಷದಿಂದ ಖಾಲಿ.
ಅದರ ಮೇಲೀಗ ಭೂಪಟದ ಸುರುಳಿ, ಅಕ್ಷ ಮುರಿದ ಗ್ಲೋಬು.
ಹಾಗಾಗಿ ಹಿಂದಿ ಕಲಿಸುವ ನಾನೇ
ಪರೀಕ್ಷೆಯ ಅರ್ಜಿ ತುಂಬಲು ಕೂತಿದ್ದೇನೆ
ಬೇವಿನ ಕೆಳಗೆ, ಕರೆಂಟಿಲ್ಲದ ಮಧ್ಯಾಹ್ನ.

ಹತ್ತನೇ ತರಗತಿ, ಹತ್ತೊಂಬತ್ತು ಮಕ್ಕಳು.
ಇಬ್ಬರು ಹತ್ತಿ ಬಿಡಿಸಲು ಹೋದವರು ಇನ್ನೂ ಬಂದಿಲ್ಲ.

ಹೆಸರು, ತಂದೆ ಹೆಸರು, ಹುಟ್ಟಿದ ದಿನ.
(ಎಂಟು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು,
ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರ ದಯೆ.)
ಆಮೇಲೆ ಬರುತ್ತದೆ ಆ ಕಾಲಂ:
ಮೈಮೇಲಿನ ಗುರುತು, ಒಂದು.
ಮೈಮೇಲಿನ ಗುರುತು, ಎರಡು.

ಮೌನೇಶ ಪ್ಯಾಂಟು ಮಡಚಿ ಮೊಣಕಾಲು ತೋರಿಸಿದ:
"ಕಾಲುವಿ ಗೇಟು ಕಚ್ಚಿದ್ರಿ ಟೀಚರ್."
ಎಡ ಮೊಣಕಾಲಿನ ಮೇಲೆ ಗಾಯದ ಕಲೆ, ಎಂದು ಬರೆದೆ.
ಗೇಟಿಗೆ ಅಲ್ಲಿ ಜಾಗವಿಲ್ಲ,
ಆ ರಾತ್ರಿ ನೀರು ಯಾರ ಗದ್ದೆಗೆ ತಿರುಗಿತು
ಅದಕ್ಕೂ.

ಹುಲಿಗೆಮ್ಮನ ಹೆಬ್ಬೆರಳ ಬುಡದಲ್ಲಿ ಕುಡುಗೋಲಿನ ಗೆರೆ.
"ರೊಟ್ಟಿ ಬಡಿವಾಗ ಈಗೂ ಚುರ್ ಅಂತೈತ್ರಿ."
ಗಾಯದ ಕಲೆ.
ಚಾಂದ್‌ಪಾಷಾನ ಹುಬ್ಬು ಎರಡಾಗಿ ಸೀಳಿದೆ;
ಮೂವರು ಒಟ್ಟಿಗೇ ಮೂರು ಕತೆ ಹೇಳಿದರು,
ಅವನು ನಾಲ್ಕನೆಯದು.

ಕ್ಯಾಂಪಿನ ಹುಡುಗಿ ಸತ್ಯವೇಣಿ ಮೆಲ್ಲಗೆ
"ಪುಟ್ಟುಮಚ್ಚ" ಅಂದಳು, ಎಲ್ಲ ನಕ್ಕರು.
ನಾನು ಹುಟ್ಟುಮಚ್ಚೆ ಎಂದು ಬರೆದು ತೋರಿಸಿದೆ.
ಒಂದು ಪಕಾರ ಕೊಟ್ಟು ಹಕಾರ ತಗೊಂಡರೆ
ಅದೇ ಮಚ್ಚೆ, ಅದೇ ಕುತ್ತಿಗೆ.
ಯಾಕೆ ನಕ್ಕಿರೋ ಈಗ ಹೇಳಿ ಎಂದರೆ
ಕಾಲುವೆ ಕಡೆ ನೋಡಿದರು.

ಕಳೆದ ತಿಂಗಳು ಸಿಂಧನೂರಿನಿಂದ ಇನ್ನೊಂದು ನಮೂನೆ ಬಂದಿತ್ತು:
ಮಕ್ಕಳ ಸಂಖ್ಯೆ ಕಡಿಮೆ ಇದೆ,
ಹತ್ತಿರದ ಶಾಲೆಗೆ ಸೇರಿಸುವ ಬಗ್ಗೆ ಅಭಿಪ್ರಾಯ ತಿಳಿಸಿ.
ಅದರಲ್ಲಿ ಕೋಣೆ, ಶೌಚಾಲಯ, ಕಾಂಪೌಂಡಿನ ಉದ್ದ
ಎಲ್ಲ ಕೇಳಿದ್ದರು. ಗುರುತು ಕೇಳಿರಲಿಲ್ಲ.

ಕೊನೆಗೆ ಯಂಕೋಬ.
"ನಂಗೇನಿಲ್ರಿ."
ಅಂಗೈ, ಮೊಣಕೈ, ಹಣೆ, ಪಾದ ನೋಡಿದೆವು.
ಹೊಸ ಪಾಟಿಯಂಥ ಹುಡುಗ.
ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ.
"ಮನ್ಯಾಗ ಅವ್ವನ್ನ ಕೇಳ್ಕೊಂಡು ಬಾ" ಅಂದುಬಿಟ್ಟೆ.
ಅಂದಮೇಲೆ ನೆನಪಾಯಿತು,
ಇವನು ಹಾಸ್ಟೆಲ್ಲಿಗೆ ಬಂದದ್ದು ಯಾಕೆ ಎಂದು.
ಬೇವಿನ ಕಡ್ಡಿಯೊಂದು ರಿಜಿಸ್ಟರಿನ ಮೇಲೆ ಬಿತ್ತು,
ಅದನ್ನು ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು ನನಗೆ.

ತಲೆ ಎತ್ತಿದಾಗ ಅವನಿರಲಿಲ್ಲ.
ನೀರಿನ ಟಾಕಿಯ ಹಿಂದೆ ಗದ್ದಲ.
ಅಂಗಿ ಬಿಚ್ಚಿಸಿ, ಅತ್ತ ಇತ್ತ ತಿರುಗಿಸಿ,
ಸಂತೆಯಲ್ಲಿ ಹೋರಿ ನೋಡಿದ ಹಾಗೆ ನೋಡುತ್ತಿದ್ದರು.
"ಸಿಕ್ತ್ರೀ ಟೀಚರ್!"
ಬೆನ್ನ ನಡುವೆ, ಎರಡು ರೆಕ್ಕೆಯೆಲುಬಿನ ಸಂದಿಯಲ್ಲಿ
ಎಳ್ಳಿನಷ್ಟು ಕಪ್ಪು.

"ಎಲ್ಲಿ, ಎಲ್ಲಿ" ಎಂದು ತನ್ನನ್ನೇ ಸುತ್ತಿದ ಯಂಕೋಬ,
ಬಾಲ ಹಿಡಿಯುವ ನಾಯಿಮರಿಯ ಹಾಗೆ.
ಮೌನೇಶ ಅದರ ಮೇಲೆ ಬೆರಳಿಟ್ಟು ಒತ್ತಿದ:
"ಇಲ್ಲೈತಲೇ."
ಆ ಬೆರಳಡಿ ಅವನು
ಒಂದು ಕ್ಷಣ ಅಲ್ಲಾಡದೆ ನಿಂತ.

ಎರಡನೆಯದು ಎಷ್ಟು ಹುಡುಕಿದರೂ ಇಲ್ಲ.
"ನಕ್ರ ಎಡಗೆನ್ನಿಗೆ ಕುಣಿ ಬೀಳ್ತೈತ್ರಿ,
ಬರೀಬೌದೇನ್ರಿ?" ಹುಲಿಗೆಮ್ಮ ಕೇಳಿದಳು.
ಬರೆದೆ. ಇಂಕಿನಲ್ಲೇ.
ಮಾರ್ಚಿಯಲ್ಲಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ
ಹಾಲ್ ಟಿಕೆಟು ನೋಡುವವರು ಯಾರೋ
ಇವನನ್ನು ಮೊದಲು ನಗಿಸಬೇಕಾಗುತ್ತದೆ.

ಹತ್ತಿಗೆ ಹೋದ ಇಬ್ಬರ ಸಾಲು
ಪೆನ್ಸಿಲಿನಲ್ಲಿ ಬಿಟ್ಟಿದ್ದೇನೆ.
ಬೆರಳ ತುದಿ ತುಂಬ ಗೀರು ತರುತ್ತಾರೆ,
ಯಾವುದೆಂದು ಬರೆಯಲಿ.
ಕೊನೆಯ ದಿನ ಶುಕ್ರವಾರ.