ಇನ್ನೂ ತಣಿದಿಲ್ಲ

ರೋಲರಿನ ಸೀಟು ಹರಿದು ಸ್ಪಂಜು ಹೊರಬಂದಿದೆ.
ಅಮ್ಮನ ಹಳೇ ಚಿತೆಂಗೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ
ಮೇಲೆ ಹಾಸಿಕೊಂಡು ಕೂತಿದ್ದೇನೆ.
ಅಕ್ಟೋಬರಿನ ಧಗೆ. ಟಿಪ್ಪರು ಸುರಿದ ಕರಿ ಗುಡ್ಡೆ
ಮುಂದೆ ಹಬೆಯಾಡುತ್ತಿದೆ.
ಡಾಂಬರಿಗೆ ಕಲೆಸಿದ್ದು ಜಲ್ಲಿಯಲ್ಲ,
ಕಿಟ್ವೆಯ ಕಿಟ್ಟ,
ತಾಮ್ರವನ್ನೆಲ್ಲ ಬಸಿದುಕೊಂಡು ಕುಲುಮೆ ಉಗಿದದ್ದು.

ಉಗಿಸಿದವರಲ್ಲಿ ನಮ್ಮಪ್ಪ ಕಪೆಂಬ್ವಾ ಕೂಡ ಒಬ್ಬ.

ರಾತ್ರಿ ಪಾಳಿ. ಹಳಿಯ ಮೇಲೆ ಬಾನಿ,
ಬಾನಿ ತುಂಬ ಕೆಂಡದ ಗಂಜಿ.
ದಿಬ್ಬದ ತುದಿಗೆ ತಂದು ಮಗುಚಿದರೆ
ವುಸಾಕಿಲೆಯ ಕಿಟಕಿಗಳೆಲ್ಲ ಕಿತ್ತಳೆ.
ಆ ಹೊತ್ತಿಗಾಗಿ ಕಾದಿದ್ದು ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು,
ನಾನು ಏಳರ ಮಗ್ಗಿ ಹಿಡಿಯುತ್ತಿದ್ದೆ.
ಏಳೇಳ್ಲಿ ನಲವತ್ತೊಂಬತ್ತಕ್ಕೆ ಬೆಳಕು ಆರುತ್ತಿತ್ತು.
ಮುಂದಿನದು ಇವತ್ತಿಗೂ ತೊಡರುತ್ತದೆ.

ಬೆಳಿಗ್ಗೆಗೆ ಗುಡ್ಡ ಒಂದು ಗೇಣು ಬೆಳೆದಿರುತ್ತಿತ್ತು.
ಅಪ್ಪ ಹಾಗೆ ಹೇಳುತ್ತಿದ್ದ, ನಾವು ಅಳೆಯಲಿಲ್ಲ.

ಕಸದಿಂದ ರಸ, ಎಂದರು
ಲುಸಾಕಾದಿಂದ ಬಂದ ಸಾಹೇಬರು, ರಿಬ್ಬನ್ನು ಕತ್ತರಿಸಿ,
ಬಿಳಿ ಹೆಲ್ಮೆಟ್ಟಿನ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು.
ಹಿಂದಿನಿಂದ ಪಕ್ಕದ ಮನೆಯ ನ್ಕಾಂಡು ಕೈಯೆತ್ತಿದಳು:
ಮಳೆ ಬಂದರೆ ಈ ರಸ್ತೆಯ ನೀರು
ನನ್ನ ಕುಂಬಳದ ಪಾತಿಗೇ ಇಳಿಯೋದು.
ಅದರಲ್ಲಿ ಏನೇನಿರುತ್ತೆ?
ಪರೀಕ್ಷೆ ಆಗಿದೆ, ಎಂದರು.
ಕಾಗದ ತೋರಿಸಿ, ಎಂದಳು.
ಕಾಗದ ಲುಸಾಕಾದಲ್ಲಿತ್ತು.

ಈಗ ಅವಳ ಕಿಟಕಿಯಲ್ಲಿ ಎಣ್ಣೆ ಸೀಸೆಗಳನ್ನು ತೊಳೆದು ಸಾಲಿಟ್ಟಿದ್ದಾಳೆ,
ಬರುವ ಒಂದೊಂದು ಮಳೆಗೆ ಒಂದೊಂದು.
ತಾರೀಖು ಬರೆಯಲು ಚೀಟಿ ಅಂಟಿಸಿಕೊಟ್ಟವಳು ನಾನೇ.
ಹಾಗಾದರೆ ನೀನು ಯಾರ ಪರ, ಎಂದ ಮೇಸ್ತ್ರಿ.
ರೋಲರು ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ.
ಮೇಲೆ ಕೂತವಳ ಸಂಬಳ ಒಂದೇ.

ಸಂಜೆ, ಕೋನುಗಳನ್ನು ಎತ್ತುವ ಮೊದಲೇ ಅಪ್ಪ ಬಂದ.
ಕೋಲೂರಿ ನಡುವಿನವರೆಗೂ ನಡೆದ,
ಕೆಮ್ಮಿದ, ಚಪ್ಪಲಿ ಬಿಟ್ಟ,
ಹೆಬ್ಬೆರಳು ಊರಿ ನೋಡಿದ.
ಇನ್ನೂ ತಣಿದಿಲ್ಲ, ಎಂದ.
ಬೆಳಿಗ್ಗೆ ಹಾಕಿದ ಡಾಂಬರಪ್ಪ, ಬಿಸಿಲು ಬೇರೆ.
ಅಲ್ಲ. ಇದು ನಾನು ಸುರಿದದ್ದು. ಎಪ್ಪತ್ತೊಂದರದ್ದು.
ಹೇಗೆ ಗೊತ್ತು?
ಹನ್ನೆರಡನೇ ನಂಬರಿನ ಬಾನಿ. ಮೂತಿ ಸೊಟ್ಟ,
ಯಾವಾಗಲೂ ಎಡಕ್ಕೇ ಹರಿಯುತ್ತಿತ್ತು.
ಅಂಗಾಲು ಬದಲಿಸುತ್ತ ಅಲ್ಲೇ ನಿಂತ.
ನಾನು ವಾದಕ್ಕಿಳಿಯಲಿಲ್ಲ.

ಅವನ ಬೆನ್ನ ಹಿಂದೆ, ಲೋಡರು ಕಚ್ಚಿದ ಕಡೆ,
ಗುಡ್ಡದ ಪಕ್ಕೆಯಲ್ಲಿ ಒಂದು ಚೂರು ಆಕಾಶ.
ಹುಟ್ಟಿದಂದಿನಿಂದ ಆ ಕಡೆ ಏನಿದೆಯೋ ಕಂಡಿರಲಿಲ್ಲ.
ಒಂದು ಮರ ಇದೆ. ಯಾವ ಮರವೋ,
ಇಲ್ಲಿಂದ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಕೇಳದೆ ಹೇಳದೆ ಮೊದಲ ಮಿನಿಬಸ್ಸು ನುಗ್ಗಿತು.
ಅದರ ದೀಪಕ್ಕೆ ಕಿಟ್ಟದ ಗಾಜುಕಣ ಅಲ್ಲಲ್ಲಿ ಮಿನುಗಿ
ರಸ್ತೆಗೆ ಕಣ್ಣು ಬಂದಂತೆ.
ಅಪ್ಪನನ್ನು ರೆಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ.
ಚಪ್ಪಲಿ ಅಲ್ಲೇ ಉಳಿದವು.
ಡ್ರೈವರು ಒಂದನ್ನು ತಪ್ಪಿಸಿದ.